ಜಾಮೀನು ಆದೇಶ ಬಂತು, ಉತಾರ ಕೊಡೋರು ಯಾರು?

ಹಾವೇರಿ ಹುಡುಗ:
ಹೊಡೆದಾಟದ ಕೇಸಲ್ಲಿ ಒಳಗೆ ಇದ್ದು ಬಂದವನು ನಾನು. ತಪ್ಪು ಯಾರದು ಅನ್ನೋದನ್ನ ಕೋರ್ಟ್ ನೋಡಿಕೊಳ್ಳುತ್ತದೆ, ಅದು ಇಲ್ಲಿ ಬೇಡ. ಜಡ್ಜ್ ಸಾಹೇಬರು ಜಾಮೀನು ಕೊಟ್ಟರು. ಐವತ್ತು ಸಾವಿರದ ಬಾಂಡ್, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ. ನಮ್ಮದು ಹೊಲ ಇಲ್ಲದ ಮನೆ. ಜಾಮೀನುದಾರ ತೋರಿಸಬೇಕಾದ ಉತಾರ, ಅಂದರೆ ಹೊಲದ ಪಹಣಿ, ಕೇಳಿಕೊಂಡು ಅಪ್ಪ ಊರೆಲ್ಲ ತಿರುಗಿದ. ಸ್ವಂತ ಕಾಕಾನೇ 'ಹೊಲದ ಮ್ಯಾಲ ಸೊಸೈಟಿ ಸಾಲ ಐತಿ' ಅಂದ.

ಒಳಗೆ ಸಂಜೆ ಹೊತ್ತಿಗೆ ಬಿಡುಗಡೆ ಆಗುವವರ ಹೆಸರು ಕೂಗುತ್ತಾರೆ. ನಾನು ಟವೆಲ್, ಚಾದರ ಎಲ್ಲ ಚೀಲಕ್ಕೆ ತುಂಬಿ ಕೂತಿರುತ್ತಿದ್ದೆ. ಬ್ಯಾರಕ್ಕಿಗೆ ಬೀಗ ಬಿದ್ದ ಮೇಲೆ ಮತ್ತೆ ಎಲ್ಲ ಹೊರಗೆ ತೆಗೆಯೋದು. ಪಕ್ಕದಲ್ಲಿ ಮಲಗುತ್ತಿದ್ದ ಮುದುಕ, 'ತಮ್ಮಾ, ದಿನಾ ಕಟ್ಟಿ ಬಿಚ್ಚಬ್ಯಾಡ, ಚೀಲ ಹರಿತೈತಿ' ಅನ್ನುತ್ತಿದ್ದ. ಜಾಮೀನು ಸಿಕ್ಕ ಮೇಲೂ ತಿಂಗಳುಗಟ್ಟಲೆ ಒಳಗೇ ಇದ್ದೆ. ಇದು ಯಾವ ಶಿಕ್ಷೆ ಹೇಳಿ? ಜಾಮೀನುದಾರ ಬೇಕೇ ಬೇಕಾ?

ದುರ್ಗದಬೈಲ್ ವ್ಯಾಪಾರಿ:
ನಿನ್ನ ಕಷ್ಟ ಅರ್ಥವಾಯಿತು ತಮ್ಮಾ. ಆದರೆ ಜಾಮೀನುದಾರನೇ ಬೇಡ ಅಂದರೆ ನನ್ನಂಥವರ ಗತಿ? ನನ್ನ ಅಂಗಡಿ ಶಟರ್ ಮುರಿದವ ಸಿಕ್ಕ, ಜಾಮೀನು ತಗೊಂಡ, ಆಮೇಲೆ ಕೋರ್ಟ್ ಕಡೆ ತಲೆನೇ ಹಾಕಲಿಲ್ಲ. ಅವನಿಗೆ ಜಾಮೀನು ನಿಂತವ ಯಾರು ಅಂದರೆ, ದುಡ್ಡು ಕೊಟ್ಟ ಯಾರಿಗೆ ಬೇಕಾದರೂ ಸಹಿ ಹಾಕುವ ಗಿರಾಕಿ! ನಾನು ಅಂಗಡಿ ಮುಚ್ಚಿ ಸಾಕ್ಷಿ ಹೇಳೋಕೆ ಹೋಗೋದು, ಅಲ್ಲಿ 'ಆರೋಪಿ ಗೈರು, ಮುಂದಿನ ತಾರೀಖು'. ನನ್ನ ಮಾಲು ಮುದ್ದೆಮಾಲು, ಅಂದರೆ ಕೇಸಿನ ಸಾಕ್ಷ್ಯದ ವಸ್ತು, ಅಂತ ಠಾಣೆಯಲ್ಲಿ ಧೂಳು ತಿನ್ನುತ್ತಿತ್ತು.

ಹಳೇ ಖಾಕಿ:
ಇಬ್ಬರದೂ ನಿಜ. ವಾರಂಟ್ ಡ್ಯೂಟಿ ಮಾಡಿದವನು ನಾನು. ವಿಳಾಸ ಹಿಡಿದು ಹೋದರೆ ಆ ಮನೆಯಲ್ಲಿ ಬೇರೆ ಬಾಡಿಗೆದಾರರು. ಅವನು ಗೋವಾಕ್ಕೆ ದುಡಿಯೋಕೆ ಹೋದ ಅಂತಾರೆ. ಗಣಪತಿ ಬಂದೋಬಸ್ತ್ ನಡುವೆ ಗೋವಾಕ್ಕೆ ಯಾರನ್ನ ಕಳಿಸ್ತೀರಿ?

ಆದರೆ ಒಂದು ಮಾತು ವ್ಯಾಪಾರಿಗಳೇ. ಓಡಿ ಹೋಗುವ ಕಸುಬಿನವ ಜಾಮೀನುದಾರ ಸಿಗದೆ ಒಳಗೆ ಉಳಿಯೋದಿಲ್ಲ. ಅವನಿಗೆ ಮೊದಲ ದಿನವೇ ಸಿಗುತ್ತಾನೆ, ರೇಟ್ ಕೊಟ್ಟರೆ ಆಯಿತು. ಒಳಗೆ ಉಳಿಯೋನು ಈ ಹಾವೇರಿ ಹುಡುಗನಂಥವ. ಇವನು ಎಲ್ಲಿಗೆ ಓಡುತ್ತಾನೆ?

ಗದಗಿನ ಅಕ್ಕ:
ಒಂದು ವಾರದಲ್ಲಿ ಜಾಮೀನು ಒದಗಿಸೋಕೆ ಆಗದಿದ್ದರೆ ಬಡವ ಅಂತ ತಿಳಿದು ಜಾಮೀನುದಾರ ಇಲ್ಲದೆ ಸ್ವಂತ ಮುಚ್ಚಳಿಕೆ ಮೇಲೆ ಬಿಡಬೇಕು ಅಂತ ಕಾನೂನೇ ಇದೆಯಲ್ಲ? ಎಲ್ಲೋ ಓದಿದ್ದೆ.

ಕರಿಕೋಟು ಧಾರವಾಡ:
ಇದೆ ಅಕ್ಕಾವ್ರೇ, ಆದರೆ ಅದು ಜಾಮೀನೀಯ ಅಪರಾಧಕ್ಕೆ, ಅಂದರೆ ಜಾಮೀನು ಹಕ್ಕಾಗಿ ಸಿಗುವಂಥದ್ದಕ್ಕೆ ಮಾತ್ರ. ಉಳಿದವಕ್ಕೆ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಕೊಟ್ಟ ಸೂಚನೆ ಹಿಡಿಯಬೇಕು. ಜಾಮೀನು ಆದೇಶದ ಪ್ರತಿ ಅದೇ ದಿನ ಇಲ್ಲವೇ ಮರುದಿನ ಜೈಲಿಗೆ ಇ-ಮೇಲ್ ಆಗಬೇಕು. 7 ದಿನದಲ್ಲಿ ಆಸಾಮಿ ಹೊರಬರದಿದ್ದರೆ ಜೈಲು ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಕೋರ್ಟೇ ತಾನಾಗಿ ಷರತ್ತು ಸಡಿಲಿಸಬಹುದು. ಜಾಮೀನುದಾರ ಅದೇ ಊರಿನವನೇ ಆಗಬೇಕು ಅನ್ನೋ ಹಟವೂ ಬೇಡ ಅಂದಿದೆ.

2023ರಲ್ಲೇ ಕೇಂದ್ರದ ಯೋಜನೆಯೊಂದು ಬಂದಿದೆ. ಬಡ ವಿಚಾರಣಾಧೀನ ಕೈದಿಯ ಜಾಮೀನಿಗೆ ಹಣದ ನೆರವು ಸಿಗುತ್ತದೆ; 2023ರಲ್ಲಿ ಅದರ ಮಿತಿ 40,000 ರೂಪಾಯಿ ಇತ್ತು. ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 479ನೇ ಕಲಮಿನಲ್ಲಿ, ಹಿಂದೆ ಯಾವ ಕೇಸಲ್ಲೂ ಶಿಕ್ಷೆ ಆಗದವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ವಿಚಾರಣಾಧೀನ ಕೈದಿಯಾಗಿ ಜೈಲಲ್ಲೇ ಕಳೆದರೆ ಬಿಡಬೇಕು. ಗಲ್ಲು, ಜೀವಾವಧಿ ಇರುವ ಕೇಸಿಗೆ ಇದಿಲ್ಲ. ಒಂದಕ್ಕಿಂತ ಹೆಚ್ಚು ಕೇಸ್ ಬಾಕಿ ಇದ್ದವನಿಗೂ ಇಲ್ಲ.

ಹಾವೇರಿ ಹುಡುಗ:
ಸರ್, ಇದರಲ್ಲಿ ಒಂದನ್ನೂ ಒಳಗೆ ಯಾರೂ ನನಗೆ ಹೇಳಲಿಲ್ಲ. ಕೊನೆಗೆ ಅಪ್ಪ ಅವ್ವನ ಬೆಂಡೋಲೆ ಒತ್ತೆ ಇಟ್ಟು ಕೋರ್ಟ್ ಹೊರಗಿನ ಒಬ್ಬನಿಗೆ ದುಡ್ಡು ಕೊಟ್ಟ. ವ್ಯಾಪಾರಿ ಅಣ್ಣ ಹೇಳಿದ ಅದೇ ಥರದ ಗಿರಾಕಿ.

ಕರಿಕೋಟು ಧಾರವಾಡ:
ಅದೇ ಬೇಸರ. ಕಸ್ಟಡಿಯಲ್ಲಿ ಇರುವ ಯಾರಿಗೇ ಆಗಲಿ ಪುಕ್ಕಟೆ ವಕೀಲರು ಸಿಗಬೇಕು, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ಮುಲಾಖತ್ತಿಗೆ, ಅಂದರೆ ಜೈಲಿಗೆ ಭೇಟಿಗೆ, ಹೋದ ಮನೆಯವರು ಆದೇಶದ ಪ್ರತಿ ಹಿಡಿದು ನೇರ ಪ್ರಾಧಿಕಾರದ ಕಚೇರಿಗೆ ಹೋಗಲಿ. ಜಿಲ್ಲಾ ಕೋರ್ಟಿನಲ್ಲಿ ಯಾರನ್ನ ಕೇಳಿದರೂ ತೋರಿಸುತ್ತಾರೆ.

ದುರ್ಗದಬೈಲ್ ವ್ಯಾಪಾರಿ:
ಎಲ್ಲ ಸರಿ ವಕೀಲರೇ. ಆರೋಪಿಗೆ ಮರುದಿನವೇ ಇ-ಮೇಲ್. ಕಳಕೊಂಡವನಿಗೆ? ನನ್ನ ಕೇಸ್ ಎಲ್ಲಿಗೆ ಬಂತು ಅಂತ ಒಬ್ಬರೂ ಹೇಳಲ್ಲ.

ಕರಿಕೋಟು ಧಾರವಾಡ:
ದೂರುದಾರರಿಗೆ 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸರು ತಿಳಿಸಬೇಕು, ಹೊಸ ಸಂಹಿತೆಯಲ್ಲಿದೆ. ನಿಮ್ಮದು ಕೋರ್ಟಿಗೆ ಬಂದಾಗಿದೆಯಲ್ಲ, ಇ-ಕೋರ್ಟ್ಸ್ ಆ್ಯಪ್‌ನಲ್ಲಿ 16 ಅಕ್ಷರ-ಅಂಕಿಗಳ ಸಿಎನ್ಆರ್ ನಂಬರ್, ಅಂದರೆ ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ, ಹಾಕಿ. ತಾರೀಖು ಅಲ್ಲೇ ಕಾಣುತ್ತದೆ.

ದುರ್ಗದಬೈಲ್ ವ್ಯಾಪಾರಿ:
ಆ ನಂಬರ್ ಎಲ್ಲಿಂದ ತರಲಿ?

ಹಳೇ ಖಾಕಿ:
ಠಾಣೆಗೆ ಹೋಗಿ ಕೋರ್ಟ್ ಡ್ಯೂಟಿ ಪಿಸಿ (ಕಾನ್‌ಸ್ಟೆಬಲ್) ಯಾರು ಅಂತ ಕೇಳಿ, ಅವನ ಹತ್ತಿರ ಕೇಸ್ ನಂಬರ್ ಇರುತ್ತದೆ, ಅದನ್ನ ಹಾಕಿದರೂ ಆ್ಯಪ್‌ನಲ್ಲಿ ಕೇಸ್ ಸಿಗುತ್ತದೆ. ಬೆಳಿಗ್ಗೆ ಹತ್ತರೊಳಗೆ ಹೋಗಿ. ಆಮೇಲೆ ಸಮನ್ಸು, ವಾರಂಟಿನ ಕಟ್ಟು ಹಿಡಿದು ಕೋರ್ಟಿಗೆ ಹೊರಟುಬಿಡುತ್ತಾನೆ.