ಸಹಾಯ ಬೇಕು: ಮಕ್ಕಳಿಗೆ ಮನೆಯಲ್ಲೇ ಕಲ್ಲಚ್ಚು ತೋರಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 31ರ ಮತಸುಧಾರಣಾ ದಿನಕ್ಕೆ (ಪ್ರಾಟೆಸ್ಟೆಂಟ್ ಕ್ರೈಸ್ತರ ಆಚರಣೆ) ಮಕ್ಕಳು ಕ್ರೈಸ್ತ ಸಭೆಯ ಚರಿತ್ರೆಯನ್ನು ಕೈಯಾರೆ ಮಾಡಿ ಕಲಿಯಲಿ ಅಂತ ಆಸೆ. ಮಾರ್ಟಿನ್ ಲೂಥರ್ ಚರ್ಚಿನ ಬಾಗಿಲಿಗೆ ಹಚ್ಚಿದ ಅಂತ ಹೇಳೋ 95 ಪ್ರತಿಪಾದನೆಗಳದ್ದು ಸುಲಭ, ರಟ್ಟಿನ ಬಾಗಿಲಿಗೆ ಚೀಟಿ ಅಂಟಿಸಿದರಾಯಿತು (ಮೊಳೆಯೇ ಹೊಡೀಬೇಕು ಅಂತ ಮಗನ ಹಟ!). ತೊಡಕಾಗಿರೋದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ) ಭಾಗ. ಆ ಮಿಷನ್ನಿನ 1843ರ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಅಚ್ಚಾದದ್ದು. ಅಂದ್ರೆ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದು ಕಲ್ಲು ಒದ್ದೆ ಮಾಡಿದರೆ, ಮಸಿ ಅಕ್ಷರಕ್ಕಷ್ಟೇ ಹಿಡಿಯುತ್ತೆ. ನಾವು ಅಲ್ಯೂಮಿನಿಯಂ ಫಾಯಿಲ್ ಮೇಲೆ ಕ್ರೇಯಾನಿನಲ್ಲಿ ಬರೆದರೆ ಮಸಿ ಎಲ್ಲ ಕಡೆ ಮೆತ್ತಿಕೊಳ್ತಿದೆ. ಸಂಡೇ ಸ್ಕೂಲಲ್ಲಿ ಯಾರಾದರೂ ಮಾಡಿಸಿದ್ದೀರಾ? ಯಾವ ಮಸಿ, ಎಂಥ ಹಾಳೆ? ಕಲ್ಲಚ್ಚಿಗೆ ಬಳಸೋ ಆಸಿಡ್ ಮಾತ್ರ ಬೇಡ. ಮಿಷನ್ನಿನದೇ 1865ರ ಹಂಚಿನ ಕಾರ್ಖಾನೆಯ ಪಾಠಕ್ಕೆ ಪುಟ್ಟ ಹಂಚು ಮಾಡಿಸಬೇಕು, ಒಳ್ಳೆ ಜೇಡಿಮಣ್ಣು ಎಲ್ಲಿ ಸಿಗುತ್ತೆ ಅಂತಲೂ ತಿಳಿಸಿ.