ಕೆಲಸ ಬಿಟ್ಟೆ, ಭಾರ ಬಿಡಲಿಲ್ಲ: ಓದುಗರ ಸ್ಪಂದನ

(ಬೆಳಗಾವಿಯ 41 ವರ್ಷದ ಓದುಗರೊಬ್ಬರು ಬರೆದಿದ್ದರು: ‘16 ವರ್ಷದ ನೌಕರಿ ಬಿಟ್ಟು ಎಂಟು ತಿಂಗಳಾಯಿತು. ಯಾರ ಹಂಗೂ ಇಲ್ಲ. ಇದೇ ಬೇಕಿತ್ತು. ಆದರೂ ಎದೆ ಭಾರ. ಅವ್ವ ದಿನಾ ಕಾಯಕವೇ ಕೈಲಾಸ ಅನ್ನುತ್ತಾಳೆ. ತಪ್ಪು ಮಾಡಿದೆನಾ?’)

ತಮ್ಮಾ, ನಿನ್ನ ಪತ್ರ ಓದಿ ಅಪ್ಪ ನೆನಪಾದರು. ಆಲಮಟ್ಟಿ ಹಿನ್ನೀರಿಗೆ ನಮ್ಮ ಹೊಲ ಹೋಯಿತು. ಪರಿಹಾರ ಬಂತು, ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರಕ್ಕೆ ಬಂದೆವು. ಒಂದು ದಿನವೂ ಬಿಡುವಿಲ್ಲ ಎಂದು ಗೊಣಗುತ್ತಿದ್ದ ಮನುಷ್ಯನಿಗೆ ಈಗ ಬರೀ ಬಿಡುವು. ಆದರೂ ನಸುಕಿಗೆ ಎದ್ದು ಬಾರಕೋಲು ಹುಡುಕುತ್ತಿದ್ದರು. ಎತ್ತು ಮಾರಿ ಎರಡು ವರ್ಷವಾಗಿತ್ತು! ‘ಸುಮ್ನೆ ಆರಾಮ ಇರ್ರಿ’ ಅಂತಿದ್ದೆವು. ಅದೇ ನಾವು ಮಾಡಿದ ತಪ್ಪು. ಒಂದು ಬೇಸಿಗೆ ನೀರು ಇಳಿದಾಗ ನಮ್ಮ ಬದುವಿನ ಬೇವಿನ ಬೊಡ್ಡೆ ಕಂಡಿತು. ಕೆಸರು ಮೆತ್ತಿ ಕರ‍್ರಗಾಗಿತ್ತು. ಅಪ್ಪ ಅದರ ಮೇಲೆ ಕೈಯಿಟ್ಟು ಗಳಗಳ ಅತ್ತರು. ಮುಂದಿನ ವಾರ ಮನೆ ಹಿತ್ತಲಲ್ಲಿ ಮೆಂತೆ, ರಾಜಗಿರಿ ಬಿತ್ತಿದರು. ಕಾಟ ಕೊಟ್ಟ ನೌಕರಿಯಾದರೂ 16 ವರ್ಷ ಅಲ್ವಾ? ಅದಕ್ಕಾಗಿ ಒಮ್ಮೆಯಾದರೂ ಅತ್ತಿದ್ದೀಯಾ?
– ಒಬ್ಬ ಓದುಗ, ಬಾಗಲಕೋಟೆ

ಅವ್ವನ ಮಾತಿಗೆ ನೊಂದುಕೊಳ್ಳಬೇಡಿ. ಅವರಿಗೆ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಿಸಿ. 12ನೇ ಶತಮಾನದ ಕಲ್ಯಾಣದಲ್ಲಿ ಗಂಡ ಮಾರಯ್ಯ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಜಾಸ್ತಿ ತಂದ. ಇಷ್ಟು ನಮಗೇಕೆ, ವಾಪಸ್ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳು. ‘ಸಾಕು’ ಅನ್ನುವುದೂ ಕಾಯಕದ ಒಳಗೇ ಇದೆ. ಅದನ್ನು ಮರೆತು ಬರೀ ದುಡಿ, ದುಡಿ ಅನ್ನುವುದು ನನಗೆ ಒಪ್ಪಿಗೆಯಿಲ್ಲ.
– ನಿವೃತ್ತ ಶಿಕ್ಷಕಿ, ವಿಜಯಪುರ

ಅಣ್ಣಾ, ನಾನು ಕುಣಿ ಮಗ್ಗದಲ್ಲಿ ಸೀರೆ ನೇಯುವವಳು. ಒಡಲಿನ ಎಳೆಗೆ ಸೆರಗಿನ ಎಳೆ ಕೊಂಡಿ ಹಾಕುವಾಗ ನನ್ನನ್ನು ಯಾರೂ ಮಾತಾಡಿಸುವುದಿಲ್ಲ. ಒಂದೊಂದೇ ಎಳೆ. ಕಾಲು ಕುಣಿಯಲ್ಲಿ, ಸೊಂಟ ನೋವು, ಆದರೂ ಮನಸ್ಸು ಹಗುರ. ಯಾವಾಗಲೂ ಹಾಗೇ ಅಂತ ಸುಳ್ಳು ಹೇಳಲಾರೆ. ಕೂಲಿ ಬಾಕಿ ಉಳಿದ ತಿಂಗಳು ಅದೇ ಕುಣಿ ಜೈಲು ಅನಿಸುತ್ತದೆ. ಮಗ್ಗ ಅದೇ, ಕೈಯೂ ಅವೇ. ನೀವು ಬಿಟ್ಟದ್ದು ದುಡಿಮೆಯನ್ನೋ, ಹಂಗನ್ನೋ? ಹಂಗನ್ನಾದರೆ ತಪ್ಪೇನೂ ಮಾಡಿಲ್ಲ. ಮನೆಯವರನ್ನು ಕರೆದುಕೊಂಡು ಇಳಕಲ್ಲಿಗೆ ಬನ್ನಿ. ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದನ್ನು ಕಲಿಸುತ್ತೇನೆ. ಮೊದಲ ದಿನ ನೂಲು ಹರಿಯುತ್ತದೆ, ಗಂಟು ಹಾಕಿಕೊಂಡರಾಯಿತು.
– ನಿಮ್ಮ ತಂಗಿ, ಇಳಕಲ್