ಪ್ರಶ್ನೋತ್ತರ: ಸೇನೆಯಿಂದ ಮರಳಿದವರ ಕಾಲೇಜು ಓದು, ಮಕ್ಕಳ ವಿದ್ಯಾರ್ಥಿವೇತನ, ಹದಿನೈದು ವರ್ಷದ ಪ್ರಮಾಣಪತ್ರ

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಸೈನಿಕ ಕಲ್ಯಾಣ ಇಲಾಖೆಯಲ್ಲಿ ಬಹಳ ವರ್ಷ ಮಾಜಿ ಸೈನಿಕರ ಶಿಕ್ಷಣದ ಕಡತಗಳನ್ನು ನೋಡಿಕೊಂಡು ನಿವೃತ್ತರಾದ ಕ್ಯಾಪ್ಟನ್ ಸಾಹೇಬರು ಇಂದು ನಮ್ಮ ಗುಂಪಿನಲ್ಲಿ ಉತ್ತರಿಸಲು ಒಪ್ಪಿದ್ದಾರೆ. ಹೆಸರು, ಸರ್ವಿಸ್ ನಂಬರ್ ಹಾಕದೆ ರ‍್ಯಾಂಕ್ ಮತ್ತು ಜಿಲ್ಲೆಯನ್ನಷ್ಟೇ ಬರೆದು ಪ್ರಶ್ನೆ ಕೇಳಬೇಕಾಗಿ ವಿನಂತಿ.

ನಿವೃತ್ತ ನಾಯಕ್, ಹಾವೇರಿ: ಸರ್, ನನ್ನ ಮಗ ಬಿ.ಇ. ಎರಡನೇ ವರ್ಷದಲ್ಲಿದ್ದಾನೆ. ಪ್ರಧಾನಮಂತ್ರಿ ವಿದ್ಯಾರ್ಥಿವೇತನದ ವಿಷಯ ನಮಗೆ ಈಗಷ್ಟೇ ಗೊತ್ತಾಯಿತು. ಈಗ ಅರ್ಜಿ ಹಾಕಬಹುದೇ?

ಕ್ಯಾಪ್ಟನ್: ಹಾಕಲು ಬರುವುದಿಲ್ಲ, ಮೊದಲ ವರ್ಷಕ್ಕೆ ಸೇರಿದಾಗಲೇ ಹಾಕಬೇಕಿತ್ತು. ಈ ಪ್ರಶ್ನೆ ಮತ್ತೆ ಮತ್ತೆ ಬರುವುದರಿಂದ ಎಲ್ಲರಿಗೂ ಒಮ್ಮೆ ಹೇಳಿಬಿಡುತ್ತೇನೆ. 2006-07ರಲ್ಲಿ ಆರಂಭವಾದ ಈ ಯೋಜನೆಯನ್ನು ಕೇಂದ್ರೀಯ ಸೈನಿಕ ಮಂಡಳಿ ನಡೆಸುತ್ತದೆ. ವರ್ಷಕ್ಕೆ 5,500 ಹೊಸ ವಿದ್ಯಾರ್ಥಿಗಳಿಗೆ, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ, ಇದು ಸಿಗುತ್ತದೆ. ಹುಡುಗಿಯರಿಗೆ ತಿಂಗಳಿಗೆ 3,000 ರೂಪಾಯಿ, ಹುಡುಗರಿಗೆ 2,500. ಬಿ.ಇ., ಎಂ.ಬಿ.ಬಿ.ಎಸ್., ಬಿ.ಎಡ್., ಬಿ.ಸಿ.ಎ.ಯಂತಹ ವೃತ್ತಿಪರ ಕೋರ್ಸುಗಳಿಗೆ ಮಾತ್ರ ಅನ್ವಯ. ಆ ಕೋರ್ಸಿಗೆ ಸೇರಲು ಯಾವ ಪರೀಕ್ಷೆ ಬೇಕೋ ಅದರಲ್ಲಿ ಶೇ. 60 ಅಂಕ ಬಂದಿರಬೇಕು, ಆಮೇಲೆ ಪ್ರತಿ ವರ್ಷ ಮುಂದುವರಿಯಲು ಶೇ. 50 ಬೇಕು. ಮಂಡಳಿಯ ಜಾಲತಾಣದಲ್ಲಿಯೇ ಅರ್ಜಿ ಹಾಕಬೇಕು.

ನಿವೃತ್ತ ಸಿಪಾಯಿ, ಕಲಬುರಗಿ: ಸರ್, ನನಗೆ 36 ವರ್ಷ, ಪದವಿಗೆ ಸೇರಿದ್ದೇನೆ. ನಮ್ಮಂಥವರಿಗೆ ಸರ್ಕಾರಿ ಹಾಸ್ಟೆಲಿನಲ್ಲಿ ಜಾಗ ಕೊಡುತ್ತಾರೆಯೇ?

ನಿವೃತ್ತ ಹವಾಲ್ದಾರ್, ಬಾಗಲಕೋಟೆ: ಸರ್, ಮಗಳು ಬಿ.ಎ. ಓದುತ್ತಿದ್ದಾಳೆ. ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಸಿಗುತ್ತದೆಯೇ?

ಕ್ಯಾಪ್ಟನ್: ಇಲ್ಲ. ಬಿ.ಎ. ವೃತ್ತಿಪರ ಕೋರ್ಸ್ ಅಲ್ಲ. ಆದರೆ ನೀವು ಹವಾಲ್ದಾರ್ ಆಗಿರುವುದರಿಂದ ರಕ್ಷಾ ಮಂತ್ರಿಗಳ ಮಾಜಿ ಸೈನಿಕರ ಕಲ್ಯಾಣ ನಿಧಿಯ ಶಿಕ್ಷಣ ಅನುದಾನವನ್ನು ನೋಡಿ. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ರ‍್ಯಾಂಕಿನವರ ಇಬ್ಬರು ಮಕ್ಕಳಿಗೆ ಒಂದನೇ ತರಗತಿಯಿಂದ ಪದವಿಯವರೆಗೆ ಅದು ಸಿಗುತ್ತದೆ. ತಿಂಗಳಿಗೆ ತಲಾ 1,000 ರೂಪಾಯಿ ಇದ್ದದ್ದನ್ನು, 2025ರ ನವೆಂಬರ್ 1ರಿಂದ ಬರುವ ಅರ್ಜಿಗಳಿಗೆ 2,000 ಮಾಡಿದ್ದಾರೆ.

ನಿವೃತ್ತ ನಾಯಕ್, ಕೋಲಾರ: ಸರ್, ಬೇರೆ ಗುಂಪಿನಿಂದ ಬಂದ ಸಂದೇಶ ಇದು: "ಮಾಜಿ ಸೈನಿಕರ ಮಕ್ಕಳಿಗೆ ಕೇಂದ್ರದಿಂದ ಉಚಿತ ಲ್ಯಾಪ್‌ಟಾಪ್, ಕೆಳಗಿನ ಲಿಂಕ್ ಒತ್ತಿ 499 ರೂಪಾಯಿ ನೋಂದಣಿ ಶುಲ್ಕ ಕಟ್ಟಿ, ಹತ್ತು ಗುಂಪಿಗೆ ಕಳುಹಿಸಿ." ನಿಜವೇ?

ಕ್ಯಾಪ್ಟನ್: ಸುಳ್ಳು. ವಿದ್ಯಾರ್ಥಿವೇತನ ಕೊಡುವವರು ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಆ ಲಿಂಕಿನಲ್ಲಿ ಪಿ.ಪಿ.ಒ. (ಪಿಂಚಣಿ ಪಾವತಿ ಆದೇಶ) ಸಂಖ್ಯೆ ತುಂಬಿದರೆ ಪಿಂಚಣಿ ಖಾತೆಯ ಕೀಲಿಯನ್ನು ಅಪರಿಚಿತರ ಕೈಗೆ ಕೊಟ್ಟಂತೆ. ದಯವಿಟ್ಟು ಅಳಿಸಿ.

ನಿವೃತ್ತ ಹವಾಲ್ದಾರ್, ಗದಗ: ಸರ್, ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಸೇನೆಗೆ ಸೇರಿದವನು. 17 ವರ್ಷ ಸೇವೆ ಮಾಡಿ ಹೋದ ವರ್ಷ ಊರಿಗೆ ಬಂದೆ. ವಕೀಲನಾಗಬೇಕೆಂಬ ಆಸೆ ಚಿಕ್ಕಂದಿನಿಂದಲೂ ಇದೆ. ಹದಿನೈದು ವರ್ಷ ಸೇವೆ ಮಾಡಿದವರಿಗೆ ಕೊಡುವ ಪದವಿ ಸಮಾನತೆಯ ಪ್ರಮಾಣಪತ್ರ ನನ್ನ ಬಳಿ ಇದೆ. ಅದರ ಮೇಲೆ ಮೂರು ವರ್ಷದ ಎಲ್.ಎಲ್.ಬಿ. ಸೀಟು ಕೊಡಿಸುವುದಾಗಿ ಒಬ್ಬ ಏಜೆಂಟರು 60,000 ರೂಪಾಯಿ ತೆಗೆದುಕೊಂಡರು. ಕಾಲೇಜಿನವರು ಪದವಿಯ ಅಂಕಪಟ್ಟಿ ಕೇಳಿದಾಗ, ಹೊರರಾಜ್ಯದ ವಿಶ್ವವಿದ್ಯಾಲಯದಿಂದ ಮೂರೂ ವರ್ಷದ ಅಂಕಪಟ್ಟಿಯನ್ನು ಒಂದೇ ಸಲಕ್ಕೆ ತರಿಸುತ್ತೇನೆ, ಇನ್ನೂ 80,000 ಕೊಡಿ ಎನ್ನುತ್ತಿದ್ದಾರೆ. ಕೊಡುವುದೋ ಬೇಡವೋ ತಿಳಿಯುತ್ತಿಲ್ಲ.

ಕ್ಯಾಪ್ಟನ್: ಹವಾಲ್ದಾರ್ ಸಾಹೇಬರೇ, ಇನ್ನೊಂದು ರೂಪಾಯಿಯನ್ನೂ ಕೊಡಬೇಡಿ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ, ಇದಕ್ಕೆ ಸಾವಧಾನವಾಗಿ ಉತ್ತರಿಸಬೇಕು.

ಮೊದಲು ಆ ಪ್ರಮಾಣಪತ್ರ ಏನೆಂದು ತಿಳಿಯೋಣ. ಮಾಜಿ ಸೈನಿಕರನ್ನು ಕೇಂದ್ರದ ನಾಗರಿಕ ಹುದ್ದೆಗಳಿಗೆ ಮರುನೇಮಕ ಮಾಡಿಕೊಳ್ಳುವ 1979ರ ನಿಯಮಗಳಲ್ಲಿ ಇದರ ಬೇರು ಇದೆ. ಹತ್ತನೇ ತರಗತಿ ಪಾಸಾಗಿ, ಸೇನೆಯಲ್ಲಿ ಕನಿಷ್ಠ 15 ವರ್ಷ ಸೇವೆ ಮಾಡಿದವರನ್ನು, ಪದವಿ ಕೇಳುವ ಗ್ರೂಪ್ ಸಿ ಹುದ್ದೆಗಳ ಮೀಸಲು ಸ್ಥಾನಕ್ಕೆ ಪರಿಗಣಿಸಬಹುದು ಎಂದು ಅದು ಹೇಳುತ್ತದೆ. ಅದೂ ತಾಂತ್ರಿಕ ಅಥವಾ ವೃತ್ತಿಪರ ಅನುಭವ ಅಗತ್ಯವಿಲ್ಲದ ಹುದ್ದೆಗಳಿಗೆ, ಇಲ್ಲವೇ ಸ್ವಲ್ಪ ದಿನದ ತರಬೇತಿಯಿಂದ ಕಲಿತುಕೊಳ್ಳಬಹುದಾದ ಹುದ್ದೆಗಳಿಗೆ. ಅಂದರೆ ಇದು ನೌಕರಿಯ ಬಾಗಿಲಲ್ಲಿ ಸಿಗುವ ರಿಯಾಯಿತಿ. ವಿಶ್ವವಿದ್ಯಾಲಯ ನಿಮಗೆ ಪಾಠ ಹೇಳಿ, ಪರೀಕ್ಷೆ ನಡೆಸಿ ಕೊಟ್ಟ ಪದವಿ ಅಲ್ಲ. ಎಂ.ಎ.ಗಾಗಲಿ, ಬಿ.ಎಡ್.ಗಾಗಲಿ, ಕಾನೂನಿಗಾಗಲಿ ಇದನ್ನು ಹಿಡಿದು ಪ್ರವೇಶ ಕೇಳಲು ಬರುವುದಿಲ್ಲ.

ಇದೇ ಕಾಗದವನ್ನು ಲ್ಯಾಮಿನೇಷನ್ ಮಾಡಿಸಿಕೊಂಡು ಒಬ್ಬರು ನನ್ನ ಮೇಜಿನ ಮುಂದೆ ಕುಳಿತಿದ್ದರು. ಹೆಬ್ಬೆರಳು ತಾಗಿ ತಾಗಿ ಆ ಹಾಳೆಯ ಅಂಚು ಬಿಟ್ಟುಕೊಂಡಿತ್ತು, ಅಷ್ಟು ಕಾಲೇಜುಗಳ ಬಾಗಿಲು ತಟ್ಟಿ ಬಂದಿದ್ದರು. ಅವರಿಗೂ ಆರಂಭದಲ್ಲಿಯೇ ಯಾರೂ ಸತ್ಯ ಹೇಳಿರಲಿಲ್ಲ. ಆ ಮುಖ ನನಗೆ ಇನ್ನೂ ನೆನಪಿದೆ, ಅದಕ್ಕಾಗಿಯೇ ಇಷ್ಟು ಬರೆಯುತ್ತಿದ್ದೇನೆ.

ಎರಡನೆಯದು, ಒಂದೇ ಸಲಕ್ಕೆ ಬರುವ ಅಂಕಪಟ್ಟಿ. ಪರೀಕ್ಷೆಯನ್ನೇ ಬರೆಯದೆ ಬರುವ ಅಂಕಪಟ್ಟಿ ಖೋಟಾ ದಾಖಲೆ. ವಕೀಲರಾಗಿ ನೋಂದಾಯಿಸಿಕೊಂಡ ಮೇಲೆಯೂ ವಕೀಲರ ಪರಿಷತ್ತು ಪದವಿಯನ್ನು ವಿಶ್ವವಿದ್ಯಾಲಯದಿಂದ ಪರಿಶೀಲಿಸುತ್ತದೆ. ಸಿಕ್ಕಿಬಿದ್ದರೆ ಕ್ರಿಮಿನಲ್ ಮೊಕದ್ದಮೆ ಆಗುವುದು ಕಾಗದ ತೋರಿಸಿದ ನಿಮ್ಮ ಮೇಲೆ. ಏಜೆಂಟ್ ಅಷ್ಟರಲ್ಲಿ ಫೋನ್ ನಂಬರ್ ಬದಲಿಸಿರುತ್ತಾನೆ. ನಮ್ಮ ಪಿಂಚಣಿಯೂ ಸದ್ವರ್ತನೆಯ ಷರತ್ತಿನ ಮೇಲೆ ನಿಂತಿದೆ ಎಂಬುದನ್ನು ಮರೆಯಬೇಡಿ. ಹದಿನೇಳು ವರ್ಷದ ದುಡಿಮೆಯನ್ನು ಒಂದು ಹಾಳೆಗಾಗಿ ಪಣಕ್ಕಿಡುವುದು ಬೇಡ.

ಇನ್ನು ದಾರಿ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಐದು ವಿಷಯ ತೆಗೆದುಕೊಂಡು ಹನ್ನೆರಡನೇ ತರಗತಿ ಮುಗಿಸಿ, ಅಥವಾ ಖಾಸಗಿ ಅಭ್ಯರ್ಥಿಯಾಗಿ ಪಿಯುಸಿ ಕಟ್ಟಿ. ಆಮೇಲೆ ಐದು ವರ್ಷದ ಕಾನೂನು ಕೋರ್ಸ್, ಇಲ್ಲವೇ ಮೊದಲು ಪದವಿ ಓದಿ ಮೂರು ವರ್ಷದ ಕೋರ್ಸ್. ಹನ್ನೆರಡನೆಯದನ್ನು ಹಾರಿ ಮುಕ್ತ ವಿಶ್ವವಿದ್ಯಾಲಯದಲ್ಲಿ ನೇರವಾಗಿ ಪದವಿ ಪಡೆದರೆ, ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಕಾನೂನು ಕೋರ್ಸಿಗೆ ಅರ್ಹತೆ ಬರುವುದಿಲ್ಲ. ಪ್ರವೇಶಕ್ಕೆ ಸಾಮಾನ್ಯ ವರ್ಗಕ್ಕೆ ಶೇ. 45 ಅಂಕ ಬೇಕು, ಸೇರಿದ ಮೇಲೆ ಪ್ರತಿ ವಿಷಯದಲ್ಲಿ ಶೇ. 70 ಹಾಜರಿ ಬೇಕು. ದಾರಿ ಉದ್ದವಿದೆ, ನಿಜ. ಆದರೆ ಮುಗಿದಾಗ ನೀವು ಯಾರಿಗೂ ಅಂಜದೆ ಕೋರ್ಟಿನಲ್ಲಿ ನಿಲ್ಲಬಹುದು.

ನಿವೃತ್ತ ಸುಬೇದಾರ್, ಧಾರವಾಡ: ಕ್ಯಾಪ್ಟನ್ ಸಾಹೇಬರ ಮೇಲೆ ಗೌರವವಿದೆ, ಆದರೆ ಈ ಮಾತನ್ನು ಒಪ್ಪಲಾರೆ. ನನಗೆ ಬ್ಯಾಂಕಿನಲ್ಲಿ ಕ್ಲರ್ಕ್ ಕೆಲಸ ಸಿಕ್ಕಿದ್ದು ಇದೇ ಪ್ರಮಾಣಪತ್ರದಿಂದ. ಬ್ಯಾಂಕ್ ಪದವಿ ಎಂದು ಒಪ್ಪಿದ್ದನ್ನು ಕಾಲೇಜು ಏಕೆ ಒಪ್ಪಬಾರದು?

ಕ್ಯಾಪ್ಟನ್: ಬ್ಯಾಂಕ್ ಅದನ್ನು ಪದವಿ ಎಂದು ಒಪ್ಪಲಿಲ್ಲ, ಮಾಜಿ ಸೈನಿಕರಿಗೆ ಪದವಿಯ ಷರತ್ತನ್ನು ಸಡಿಲಿಸಿತು. ಎರಡೂ ಒಂದೇ ಅಲ್ಲ.

ನಿವೃತ್ತ ಸುಬೇದಾರ್, ಧಾರವಾಡ: ಪ್ರಮಾಣಪತ್ರದಲ್ಲಿ "ಸಮಾನ" ಎಂದೇ ಇದೆ.

ನಿವೃತ್ತ ಸಾರ್ಜೆಂಟ್, ಉಡುಪಿ: ಸುಬೇದಾರ್ ಸಾಹೇಬರೇ, ಆ ವಾಕ್ಯವನ್ನು ಕೊನೆಯವರೆಗೆ ಓದಿ. ಯಾವುದಕ್ಕೆ ಸಮಾನ ಎಂಬುದೂ ಅಲ್ಲೇ ಇದೆ. ನಿಮಗೆ ಕೆಲಸ ಸಿಕ್ಕಿತು, ಸಂತೋಷ. ನಿಮ್ಮ ಮಾತು ಕೇಳಿ ಗದಗದ ಅಣ್ಣ 80,000 ಕಳೆದುಕೊಂಡರೆ ಹೊಣೆ ಯಾರು?

ನಿವೃತ್ತ ಸುಬೇದಾರ್, ಧಾರವಾಡ: ಹಣ ಕೊಡಿ ಎಂದು ನಾನು ಎಲ್ಲಿ ಹೇಳಿದೆ? ಮಾತನ್ನು ತಿರುಚಬೇಡಿ.

ನಿವೃತ್ತ ಸಿಪಾಯಿ, ಕಲಬುರಗಿ: ಸರ್, ಹಾಸ್ಟೆಲಿನ ಬಗ್ಗೆ ಕೇಳಿದ್ದೆ.

ಅಗ್ನಿವೀರರ ಅಣ್ಣ, ಹಾಸನ: ನನ್ನ ತಮ್ಮ ಅಗ್ನಿವೀರ. ನಾಲ್ಕು ವರ್ಷ ಮುಗಿಸಿ ಬಂದ ಮೇಲೆ ಅವನೂ ಮಾಜಿ ಸೈನಿಕರ ಈ ಸೌಲಭ್ಯಗಳಲ್ಲಿ ಓದಬಹುದೇ?

ನಿವೃತ್ತ ಸುಬೇದಾರ್, ಧಾರವಾಡ: ಇಪ್ಪತ್ತೆಂಟು ವರ್ಷ ದುಡಿದವರ ಗುಂಪಿದು. ನಾಲ್ಕು ವರ್ಷದವರಿಗೆ ಬೇರೆ ಗುಂಪು ಮಾಡಿಕೊಳ್ಳಿ.

ಅಗ್ನಿವೀರರ ಅಣ್ಣ, ಹಾಸನ: ಗುಂಡು ಸೇವೆಯ ವರ್ಷ ಎಣಿಸಿಕೊಂಡು ಬರುವುದಿಲ್ಲ, ಸುಬೇದಾರ್ ಸಾಹೇಬರೇ. ನನ್ನ ತಮ್ಮ ಈಗ ಗಡಿಯಲ್ಲಿಯೇ ಇದ್ದಾನೆ.

ನಿವೃತ್ತ ನಾಯಕ್, ಹಾವೇರಿ: ಹುಡುಗ ಹೇಳಿದ್ದು ಸರಿಯಾಗಿದೆ.

ಕ್ಯಾಪ್ಟನ್: ಜಗಳ ನಿಲ್ಲಿಸಿ. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯ ಷರತ್ತುಗಳಲ್ಲಿ ಮಾಜಿ ಸೈನಿಕರ ಸ್ಥಾನಮಾನವಾಗಲಿ ಪಿಂಚಣಿಯಾಗಲಿ ಇಲ್ಲ. ಹೊರಡುವಾಗ ತೆರಿಗೆ ಇಲ್ಲದ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಸಿಗುತ್ತದೆ. ಹೀಗಾಗಿ ಮೇಲಿನ ಯೋಜನೆಗಳನ್ನು ನೆಚ್ಚಿಕೊಳ್ಳಬೇಡಿ. ಆದರೆ ನಿಮ್ಮ ತಮ್ಮನಿಗೆ ಒಂದು ಒಳ್ಳೆಯ ಅನುಕೂಲ ಇದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಅಗ್ನಿವೀರರಿಗಾಗಿ ಮೂರು ವರ್ಷದ ಕೌಶಲ ಆಧಾರಿತ ಪದವಿಯನ್ನು ರೂಪಿಸಿದ್ದಾರೆ. ಅದಕ್ಕೆ ಬೇಕಾದ ಕ್ರೆಡಿಟ್‌ಗಳಲ್ಲಿ ಅರ್ಧದಷ್ಟು ಸೇನೆಯಲ್ಲಿ ಪಡೆದ ತರಬೇತಿಯಿಂದಲೇ ಬರುತ್ತವೆ, ಉಳಿದರ್ಧವನ್ನು ಓದಿ ಗಳಿಸಬೇಕು. ಅದು ನಿಜವಾದ ಪದವಿ. ಸೇವೆಯಲ್ಲಿರುವಾಗಲೇ ಯೂನಿಟ್ಟಿನಲ್ಲಿ ವಿಚಾರಿಸಲು ಹೇಳಿ.

ನಿವೃತ್ತ ಹವಾಲ್ದಾರ್, ಮಂಡ್ಯ: ಸರ್, ಮಗ ಫಾರ್ಮಸಿ ಮೂರನೇ ವರ್ಷ. ಪ್ರಧಾನಮಂತ್ರಿ ವಿದ್ಯಾರ್ಥಿವೇತನ?

ಕ್ಯಾಪ್ಟನ್: ಮೇಲೆ ಓದಿ.

ನಿವೃತ್ತ ಗನ್ನರ್, ವಿಜಯಪುರ: ನಮಸ್ಕಾರ ಸರ್. ತೋಪಿನ ಸದ್ದಿಗೆ ನನ್ನ ಎರಡೂ ಕಿವಿ ಮಂದವಾಗಿವೆ. 38ನೇ ವಯಸ್ಸಿಗೆ ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಸೇರಿದ್ದೇನೆ. ಮೇಷ್ಟ್ರು ನಮ್ಮ ಕಡೆ ಮುಖ ಮಾಡಿ ಮಾತಾಡುವಾಗ ತುಟಿ ನೋಡಿ ತಿಳಿದುಕೊಳ್ಳುತ್ತೇನೆ, ಬೋರ್ಡಿನ ಕಡೆ ತಿರುಗಿದರೆ ಏನೂ ತಿಳಿಯುವುದಿಲ್ಲ. ಹಾಜರಿ ಕರೆಯುವಾಗ ನನ್ನ ಸಂಖ್ಯೆ ಕೇಳಿಸುವುದಿಲ್ಲ, ಎದ್ದು ಹೇಳಲು ಸಂಕೋಚ. ಮೊದಲ ಬೆಂಚಿನಲ್ಲಿ ಕುಳಿತಿದ್ದರೂ ಗೈರುಹಾಜರಿ ಬಿದ್ದು ಈಗ ಹಾಜರಿ ಕೊರತೆಯ ನೋಟಿಸ್ ಬಂದಿದೆ. ಓದು ಬಿಟ್ಟುಬಿಡಲೇ?

ಕ್ಯಾಪ್ಟನ್: ಬಿಡಬೇಡಿ. ನಾಳೆಯೇ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಟ್ಟು, ಬಿಡುಗಡೆ ವೇಳೆಯ ವೈದ್ಯಕೀಯ ಮಂಡಳಿಯ ವರದಿಯ ಪ್ರತಿಯನ್ನು ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಹಾಜರಿಯನ್ನು ಕರೆಯುವ ಬದಲು ಸಹಿ ಮಾಡಿಸಿಕೊಳ್ಳಬೇಕೆಂದೂ, ಈವರೆಗಿನ ಗೈರುಹಾಜರಿಯನ್ನು ಅಧ್ಯಾಪಕರಿಂದ ಮರುಪರಿಶೀಲಿಸಬೇಕೆಂದೂ ಬರೆಯಿರಿ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ನಿಮ್ಮಂಥವರಿಗಾಗಿಯೇ ಇದೆ. ಕಾಲೇಜಿನಲ್ಲಿ ಸಮಾನ ಅವಕಾಶ ಘಟಕವಿದ್ದರೆ ಅಲ್ಲಿಗೂ ಒಂದು ಪ್ರತಿ ಕೊಡಿ. ಶ್ರವಣ ಸಾಧನಕ್ಕೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇ.ಸಿ.ಎಚ್.ಎಸ್.) ಪಾಲಿಕ್ಲಿನಿಕ್ಕಿಗೆ ಹೋಗಿ. ಜೊತೆಗೆ ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ವಿಕಲಚೇತನರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿ, ಏಕೆಂದರೆ ಮೀಸಲಾತಿ, ಪರೀಕ್ಷೆಯ ಹೆಚ್ಚುವರಿ ಸಮಯ ಮುಂತಾದವಕ್ಕೆ ಕಾಲೇಜಿನವರು ಕೇಳುವುದು ಅದನ್ನು. ಸಂಕೋಚ ಪಡುವ ಕಾರಣವೇ ಇಲ್ಲ, ನಿಮ್ಮ ಕಿವಿ ಹೋದದ್ದು ಕರ್ತವ್ಯದ ಮೇಲೆ.

ನಿವೃತ್ತ ನಾಯಕ್, ಕೋಲಾರ: ಯು.ಡಿ.ಐ.ಡಿ. ಬೇಕಿಲ್ಲ. ನನಗೆ ಶೇ. 30 ಅಂಗವೈಕಲ್ಯ ಇದ್ದದ್ದನ್ನು ಸೇನೆಯೇ ಶೇ. 50 ಮಾಡಿದೆ. 40 ದಾಟಿದರೆ ಸೀಟು ಖಚಿತ ಎಂದು ಸಂದೇಶ ಬಂದಿತ್ತು, ಕೆಳಗೆ ಹಾಕಿದ್ದೇನೆ.

ಕ್ಯಾಪ್ಟನ್: ಮತ್ತೆ ಸಂದೇಶ. ಆ ಹೆಚ್ಚಳ ಪಿಂಚಣಿಯ ಲೆಕ್ಕಕ್ಕಷ್ಟೇ. ನಿಮ್ಮ ದೇಹದ ನ್ಯೂನತೆ ಅದರಿಂದ ಹೆಚ್ಚುವುದಿಲ್ಲ. ಉನ್ನತ ಶಿಕ್ಷಣದ ಶೇ. 5 ಮೀಸಲಾತಿಗೆ ಬೇಕಾದ ಶೇ. 40ನ್ನು ಅಧಿಕೃತ ವೈದ್ಯಕೀಯ ಪ್ರಾಧಿಕಾರವೇ ಪ್ರಮಾಣೀಕರಿಸಬೇಕು. ಗನ್ನರ್ ಅವರ ಓದು ನಿಂತುಹೋಗುವ ಸ್ಥಿತಿಯಲ್ಲಿದೆ, ಅಂಥವರನ್ನು ದಾರಿ ತಪ್ಪಿಸಬೇಡಿ.

ನಿವೃತ್ತ ನಾಯಕ್, ಕೋಲಾರ: ಒಳ್ಳೆಯದಾಗಲಿ ಎಂದು ಹಾಕಿದ್ದು. ಇಷ್ಟು ಗದರಿಸಬೇಕಿರಲಿಲ್ಲ.

ವೀರನಾರಿ, ಬೆಳಗಾವಿ: ಸರ್, ನನ್ನ ಪತಿ ಕಾರ್ಯಾಚರಣೆಯಲ್ಲಿ ವೀರಮರಣ ಹೊಂದಿದರು. ಮಗಳು ಎಂಜಿನಿಯರಿಂಗ್ ಸೇರಿದ್ದಾಳೆ. ವೀರಮರಣ ಹೊಂದಿದವರ ಮಕ್ಕಳ ಓದಿಗೆ ಸರ್ಕಾರ ಕೊಡುವ ಸೌಲಭ್ಯದಲ್ಲಿ ಶುಲ್ಕ ಮತ್ತು ಹಾಸ್ಟೆಲ್ ಸೇರಿ ತಿಂಗಳಿಗೆ 10,000ಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂಬ ಸಂದೇಶ ನೋಡಿ ಚಿಂತೆಯಾಗಿದೆ.

ಕ್ಯಾಪ್ಟನ್: ತಾಯಿ, ಆ ಸಂದೇಶ ಹಳೆಯದು. 1971ರ ಯುದ್ಧದ ನಂತರ ಬಂದ ಈ ಸೌಲಭ್ಯಕ್ಕೆ 2017ರಲ್ಲಿ ಆ ಮಿತಿ ಹಾಕಿದ್ದರು, 2018ರ ಮಾರ್ಚ್‌ನಲ್ಲಿ ತೆಗೆದುಹಾಕಿದರು. ಶುಲ್ಕದ ಮೂಲ ರಸೀದಿಗಳನ್ನು ಜೋಪಾನವಾಗಿಡಿ. ನಿಮ್ಮ ಅರ್ಜಿಯನ್ನು ನಾನೇ ನೋಡಿಕೊಡುತ್ತೇನೆ, ನಿರ್ವಾಹಕರಿಂದ ನನ್ನ ಸಂಖ್ಯೆ ಪಡೆಯಿರಿ.

ನಿವೃತ್ತ ಹವಾಲ್ದಾರ್, ತುಮಕೂರು: ಸರ್, ಮಗಳು ಬಿ.ಇ. ಎರಡನೇ ವರ್ಷ, ವಿದ್ಯಾರ್ಥಿವೇತನ…

ಕ್ಯಾಪ್ಟನ್: ಇಲ್ಲ. ಇದು ಮೂರನೇ ಸಲ.

ನಿವೃತ್ತ ಸುಬೇದಾರ್, ಧಾರವಾಡ: ಪ್ರಶ್ನೆ ಕೇಳಿದವರ ಮೇಲೆ ಸಿಟ್ಟಾಗುವುದಾದರೆ ಉತ್ತರ ಕೊಡಲು ಒಪ್ಪಬಾರದಿತ್ತು.

ನಿರ್ವಾಹಕರು: ಸುಬೇದಾರ್ ಸಾಹೇಬರೇ, ದಯವಿಟ್ಟು ಇಲ್ಲಿಗೆ ಬಿಡಿ.

ನಿವೃತ್ತ ಹವಾಲ್ದಾರ್, ಗದಗ: ಸರ್, ಏಜೆಂಟರಿಗೆ ಫೋನ್ ಮಾಡಿ ಅಂಕಪಟ್ಟಿ ಬೇಡ, ಹಣ ವಾಪಸ್ ಕೊಡಿ ಎಂದೆ. ಈಗ ಫೋನ್ ಎತ್ತುತ್ತಿಲ್ಲ. ನನ್ನ ಮೂಲ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಮತ್ತು ಡಿಸ್ಚಾರ್ಜ್ ಬುಕ್ ಅವರ ಬಳಿಯೇ ಇವೆ. ಇದನ್ನು ಮೊದಲು ಹೇಳಲು ನಾಚಿಕೆಯಾಯಿತು.

ಕ್ಯಾಪ್ಟನ್: ಮೊದಲೇ ಹೇಳಬೇಕಿತ್ತು, ಇರಲಿ. ಇಂದೇ ಠಾಣೆಗೆ ಹೋಗಿ, ಹಣ ಕೊಟ್ಟ ದಾಖಲೆ ಮತ್ತು ಅವರು ಕಳುಹಿಸಿದ ಸಂದೇಶಗಳ ಸಮೇತ ದೂರು ಕೊಡಿ. ಯಾವ ಸಂದೇಶವನ್ನೂ ಅಳಿಸಬೇಡಿ. ದೂರಿನ ಪ್ರತಿ ಹಿಡಿದು ನಾಳೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋದರೆ, ಡಿಸ್ಚಾರ್ಜ್ ಬುಕ್ಕಿನ ನಕಲಿಗಾಗಿ ರೆಕಾರ್ಡ್ ಆಫೀಸಿಗೆ ಬರೆಯುವುದು ಹೇಗೆಂದು ಹೇಳುತ್ತಾರೆ. ಅಂಕಪಟ್ಟಿಯ ಎರಡನೇ ಪ್ರತಿಗೆ ನೀವು ಓದಿದ ಶಾಲೆಯ ಮೂಲಕ ಅರ್ಜಿ ಹಾಕಿ.

ನಿವೃತ್ತ ಹವಾಲ್ದಾರ್, ಗದಗ: ಒಬ್ಬನೇ ಠಾಣೆಗೆ ಹೋಗಲು ಹಿಂಜರಿಕೆಯಾಗುತ್ತಿದೆ ಸರ್.

ನಿವೃತ್ತ ಸುಬೇದಾರ್, ಧಾರವಾಡ: ನಾನು ಬರುತ್ತೇನೆ. ಇನ್ನೆರಡು ಗಂಟೆಯಲ್ಲಿ ಗದಗ ಬಸ್ ನಿಲ್ದಾಣದಲ್ಲಿರುತ್ತೇನೆ, ಬ್ಯಾಂಕಿನ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿಡಿ.